ಏರಿಯ ಹೊರಗೆ ಕೂಗಿದ ಕಪ್ಪೆ

ನೇರಲಗಟ್ಟೆಯ ವರದಮ್ಮ ಬೆಳಿಗ್ಗೆ ಎದ್ದು ಮುಖ ತೊಳೆಯುವುದಕ್ಕೂ ಮೊದಲು ಹಿತ್ತಲ ಬಾಗಿಲು ತೆಗೆದು ಕೆರೆಯ ಕಡೆಗೆ ಕಿವಿ ಕೊಡುತ್ತಾಳೆ. ತೂಬಿನಿಂದ ಬೀಳುವ ನೀರಿನ ಸದ್ದು ದಪ್ಪವೋ ತೆಳುವೋ, ಕೋಡಿ ಸದ್ದು ಮಾಡುತ್ತಿದೆಯೋ ಇಲ್ಲವೋ, ನೀರುಕೋಳಿ ಯಾವ ಮೂಲೆಯಲ್ಲಿದೆ, ಕಪ್ಪೆ ಎಲ್ಲಿ ಕೂಗುತ್ತಿದೆ, ಇಷ್ಟು ತಿಳಿದ ಮೇಲೆಯೇ ಒಲೆಗೆ ಬೆಂಕಿ. ಹನ್ನೊಂದು ವರ್ಷದಿಂದ ಅವಳು ಊರಿನ ನೀರುಗಂಟಿ. ತೂಬು ತೆಗೆಯುವುದು, ಮುಚ್ಚುವುದು, ಗದ್ದೆಗಳಿಗೆ ಸರದಿಯ ಪ್ರಕಾರ ನೀರು ಬಿಡುವುದು, ದಿನಕ್ಕೊಮ್ಮೆ ಏರಿಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆದು ಬರುವುದು ಅವಳ ಕೆಲಸ.

ನೇರಲಗಟ್ಟೆ ಶಿಕಾರಿಪುರಕ್ಕೂ ಸೊರಬಕ್ಕೂ ನಡುವಿನ ಊರು. ಅರ್ಧ ಊರು ಆ ಸಂತೆಗೆ ಹೋಗುತ್ತದೆ, ಇನ್ನರ್ಧ ಈ ಸಂತೆಗೆ. ಊರಿನ ಮೇಲ್ಗಡೆ ಹಿರೇಕೆರೆ. ಕೆರೆಗೆ ಅಡ್ಡಲಾಗಿ ಮಣ್ಣಿನ ಏರಿ. ಏರಿಯ ಒಂದು ತುದಿಯಲ್ಲಿ, ಬಂಡೆಯ ಪಕ್ಕಕ್ಕೆ, ಹೆಚ್ಚಾದ ನೀರು ಹರಿದುಹೋಗುವ ಕೋಡಿ. ಕೋಡಿಯ ನೀರು ಒಂದು ಹಳ್ಳವಾಗಿ ಇಳಿದು ಊರನ್ನು ಬಳಸಿಕೊಂಡು ಹೋಗುತ್ತದೆ. ಏರಿಯ ನೇರ ಕೆಳಗೆ ಇಪ್ಪತ್ತೆರಡು ಮನೆಗಳ ಕೇರಿ. ಅದಕ್ಕೆ ಕೆಳಗಿನ ಕೇರಿ ಎಂದೇ ಹೆಸರು. ವರದಮ್ಮನ ಮನೆ ಇರುವುದು ಅಲ್ಲಿ.

ನೀರುಗಂಟಿಯ ಕೆಲಸ ಅವಳ ಗಂಡ ಪುಟ್ಟಪ್ಪನ ಮನೆತನದ್ದು. ಹನ್ನೊಂದು ವರ್ಷದ ಹಿಂದೆ ಪುಟ್ಟಪ್ಪ ತೂಬಿನ ಕಲ್ಲಿನಿಂದ ಜಾರಿಬಿದ್ದು ಸೊಂಟ ಮುರಿದುಕೊಂಡ. ಮಾರನೆಯ ದಿನ ವರದಮ್ಮ ತೂಬಿನ ಕೋಲು ಹಿಡಿದು ಹೊರಟಾಗ ಕಟ್ಟೆಯ ಮೇಲೆ ಕುಳಿತವರು, ಹೆಂಗಸು ತೂಬು ಮುಟ್ಟುವುದು ಇಲ್ಲಿ ರೂಢಿಯಿಲ್ಲ ಎಂದರು. "ಹಂಗಾದ್ರೆ ಇವತ್ತು ಯಾರು ಮುಳುಗ್ತೀರಿ, ಏಳಿ," ಎಂದು ಅವಳು ಕೋಲನ್ನು ಅವರ ಮುಂದೆ ಹಿಡಿದಳು. ಆ ತೂಬನ್ನು ತೆಗೆಯಬೇಕಾದರೆ ಎದೆಮಟ್ಟದ ನೀರಿನಲ್ಲಿ ಮುಳುಗಿ, ಕಣ್ಣು ಕಾಣದೆ, ಕೈ ತಡಕಾಡಿ ಬೆಣೆ ಸರಿಸಬೇಕು. ಯಾರೂ ಏಳಲಿಲ್ಲ. ರೂಢಿಯ ಮಾತು ಅಲ್ಲಿಗೆ ಮುಗಿಯಿತು.

ಪುಟ್ಟಪ್ಪ ಅಂದಿನಿಂದ ಜಗಲಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಕೆಲಸ ಹೇಳಿಕೊಡುತ್ತಾನೆ. ಕೇಳದಿದ್ದರೂ ಹೇಳಿಕೊಡುತ್ತಾನೆ. ಅವನ ಅಜ್ಜನ ಮಾತೊಂದು ಅವನ ಬಾಯಲ್ಲಿ ಸದಾ ಇರುತ್ತದೆ: ಏರಿಯ ಒಳಗೆ ಕೂಗಿದ ಕಪ್ಪೆ ಊಟಕ್ಕೆ ಕರೆಯುತ್ತದೆ, ಹೊರಗೆ ಕೂಗಿದ ಕಪ್ಪೆ ಗುದ್ದಲಿಗೆ ಕರೆಯುತ್ತದೆ. ಏರಿಯ ಹೊರಬದಿಯ ಬುಡ ಹರಳು ಬೆರೆತ ಗೊರಜು ನೆಲ. ಎಷ್ಟು ಮಳೆ ಬಿದ್ದರೂ ಅರ್ಧ ದಿನದಲ್ಲಿ ಇಂಗಿಹೋಗುತ್ತದೆ. ನೀರು ನಿಲ್ಲದ ಕಡೆ ಕಪ್ಪೆ ಕೂರುವುದಿಲ್ಲ. ಅಲ್ಲಿ ಕಪ್ಪೆ ಕೂತಿದೆ ಎಂದರೆ ಕೆರೆಯ ನೀರು ಏರಿಯೊಳಗೆ ದಾರಿ ಮಾಡಿಕೊಂಡಿದೆ ಎಂದರ್ಥ. ವರದಮ್ಮ ಈ ಮಾತನ್ನು ಸಾವಿರ ಸಲ ಕೇಳಿದ್ದಳು. ಹೊರಗೆ ಕೂಗಿದ ಕಪ್ಪೆಯನ್ನು ಮಾತ್ರ ಕೇಳಿರಲಿಲ್ಲ.

ಹೋದ ವರ್ಷ ಹಿರೇಕೆರೆ ಮಾರ್ಚಿಗೇ ಒಣಗಿತ್ತು. ಅದನ್ನು ನೆನಪಿಟ್ಟುಕೊಂಡು ಈ ಸಲ ದೀಪಾವಳಿ ಮುಗಿದ ಮೇಲೆ ಊರಿನವರು ಕೋಡಿಯ ಕಟ್ಟೆಯ ಮೇಲೆ ಎರಡು ಸಾಲು ಮರಳಿನ ಚೀಲ ಪೇರಿಸಿದರು. ಹಾಗೆ ಮಾಡಿದರೆ ಕೆರೆಯಲ್ಲಿ ಒಂದೂವರೆ ಅಡಿ ನೀರು ಹೆಚ್ಚಿಗೆ ನಿಲ್ಲುತ್ತದೆ. ಗೊಬ್ಬರದ ಖಾಲಿ ಚೀಲಕ್ಕೆ ಮರಳು ತುಂಬಿ ಬಾಯಿ ಹೊಲಿದವಳು ವರದಮ್ಮನೇ. ಚೀಲ ತೆಗೆಯುವುದು ರೋಹಿಣಿ ಮಳೆ ಹುಟ್ಟಿದ ಮೇಲೆ, ಅಂದರೆ ಮೇ ತಿಂಗಳ ಕೊನೆಗೆ. ಹಾಗೆಂದು ಎಲ್ಲರೂ ಒಪ್ಪಿದ್ದರು. ಅದಕ್ಕಿಂತ ಮುಂಚೆ ಕೆರೆ ತುಂಬಿ ಕೋಡಿ ಬಿದ್ದದ್ದನ್ನು ಊರಿನಲ್ಲಿ ಬದುಕಿರುವ ಯಾರೂ ನೋಡಿರಲಿಲ್ಲ.

ಏಪ್ರಿಲ್ ಕೊನೆಯ ಭರಣಿ ಮಳೆ ನಾಲ್ಕು ಹನಿ ಬಿದ್ದರೆ ಸಾಕು ಎಂದು ಕಾಯುವ ಸೀಮೆ ಇದು. ಈ ವರ್ಷ ಭರಣಿ ಒಂಬತ್ತು ದಿನ ಸುರಿಯಿತು. ಮೊದಲ ಮಳೆಗೆ ಜನ ಅಂಗಳಕ್ಕೆ ಬಂದು ಕೈಯೊಡ್ಡಿದರು. ನಾಲ್ಕನೆಯ ದಿನ ಒಳಗೆ ಹೋದರು. ಆರನೆಯ ದಿನ ಬೈಯತೊಡಗಿದರು. ಒಣಗಲೆಂದು ರಸ್ತೆಯ ಮೇಲೆ ಹರಡಿದ್ದ ಮೆಕ್ಕೆಜೋಳ ತಾಡಪಾಲಿನ ಕೆಳಗೇ ಮೊಳಕೆಯೊಡೆಯಿತು. ಬೇಸಿಗೆ ಭತ್ತ ಕೊಯ್ದವರ ಹುಲ್ಲು ಗದ್ದೆಯಲ್ಲಿ ಕೊಳೆಯಿತು. ಸುಡದ ಇಟ್ಟಿಗೆ ಕರಗಿ ಮತ್ತೆ ಮಣ್ಣಾಯಿತು. ಸೊರಬದ ಬಸ್ಸು ಮೂರು ದಿನ ಬರಲಿಲ್ಲ. ಚಂದ್ರಗುತ್ತಿಗೆ ಹರಕೆ ತೀರಿಸಲು ಹೊರಟಿದ್ದ ಒಂದು ಕುಟುಂಬ ಮುಂದೆ ಹೋಗಲಾರದೆ, ಹಿಂದಕ್ಕೂ ಹೋಗಲಾರದೆ ನೇರಲಗಟ್ಟೆಯ ಶಾಲೆಯಲ್ಲಿ ಉಳಿಯಿತು. ಅಂಬ್ಲಿಗೊಳದ ಡ್ಯಾಮಿನಲ್ಲಿ ಈ ಹೊತ್ತಿನಲ್ಲಿ ಇಷ್ಟು ನೀರು ಕಂಡಿಲ್ಲ ಎಂದು ಆ ಕಡೆಯಿಂದ ಬಂದವರು ಹೇಳಿದರು.

ಮಳೆ ಕಪ್ಪೆಗಳನ್ನೂ ದಾರಿ ತಪ್ಪಿಸಿತು. ರೋಹಿಣಿಗೆ ನೆಲದಿಂದ ಏಳಬೇಕಾದವು ಭರಣಿಗೇ ಎದ್ದುಬಂದವು. ದೊಡ್ಡ ಗೋಂಕರು ಕಪ್ಪೆಗಳು ಅರಿಶಿನ ಬಳಿದುಕೊಂಡಂತೆ ಹಳದಿಯಾಗಿ ಕೋಡಿಹಳ್ಳದ ಹೊಂಡಗಳಲ್ಲಿ ಹಗಲುಹೊತ್ತೇ ಗಂಟಲು ಉಬ್ಬಿಸಿ ಕೂಗಿದವು. ಮೂರನೆಯ ದಿನಕ್ಕೆ ಹೊಂಡದ ಅಂಚಿನಲ್ಲಿ ಮೊಟ್ಟೆ ತೇಲಿತು. ಅಷ್ಟರಲ್ಲಿ ಹಳ್ಳದ ಮಗ್ಗುಲಿನ ಶುಂಠಿಗೆ ಸುರಿದಿದ್ದ ಔಷಧಿ ಮಳೆನೀರಿನೊಡನೆ ಕೆಳಗಿಳಿಯಿತು. ಕಪ್ಪೆಗಳು ಹೊಟ್ಟೆ ಮೇಲಾಗಿ ತೇಲಿದವು. ನಾಯಿ, ಕೋಳಿ ತಿಂದು ಸಾಯಬಾರದೆಂದು ವರದಮ್ಮ ಅವನ್ನು ಬುಟ್ಟಿಯಲ್ಲಿ ತುಂಬಿ ಹೂತುಬಂದಳು. ಎರಡು ಬುಟ್ಟಿಯಾಯಿತು. ಆಮೇಲೆ ಹಳ್ಳದಲ್ಲಿ ಸದ್ದೇ ಇಲ್ಲ. ಉಳಿದವು ಕೆರೆಯ ಒಳಗೆ ಕೂಗುತ್ತಿದ್ದವು, ಅಷ್ಟೇ.

ಆ ಶುಂಠಿ ಮಲ್ಲಿಕಾರ್ಜುನಪ್ಪನದು. ಮೂರು ತಲೆಮಾರಿನಿಂದ ಬೇಸಾಯವೂ ವ್ಯಾಪಾರವೂ ಕೂಡಿ ಬಂದ ಮನೆ. ಶಿಕಾರಿಪುರದ ಪೇಟೆಯಲ್ಲಿ ಗೊಬ್ಬರ, ಔಷಧಿಯ ಅಂಗಡಿ. ಊರಿನಲ್ಲಿ ಅವನು ಕೆರೆ ಸಮಿತಿಯ ಅಧ್ಯಕ್ಷ. ಕೆಟ್ಟವನಲ್ಲ. ಹೋದ ವರ್ಷ ಕೆರೆ ಒಣಗಿದಾಗ ಕೆಳಗಿನ ಕೇರಿಗೆ ತನ್ನ ಬೋರಿನಿಂದ ಕುಡಿಯುವ ನೀರು ಬಿಟ್ಟವನು ಅವನೇ. ಆದರೆ ಬೇಸಿಗೆಯಲ್ಲಿ ಒಣಗಿರುವ ಹಳ್ಳ ಯಾವಾಗಲೂ ಒಣಗಿರುತ್ತದೆ ಎಂದು ನಂಬಿ, ಹಳ್ಳದ ಪಾತ್ರದೊಳಕ್ಕೆ ಅರ್ಧ ಎಕರೆ ಇಳಿದು ಶುಂಠಿ ಹಾಕಿದ್ದ.

ಸೋಮವಾರ ಮಳೆ ನಿಂತಿತು. ಕೆರೆಯ ನೀರು ಇಳಿಯಲಿಲ್ಲ. ಮೇಲಿನ ಊರುಗಳ ಕೆರೆಗಳೆಲ್ಲ ತುಂಬಿ ಅವುಗಳ ಕೋಡಿ ನೀರು ಇಲ್ಲಿಗೇ ಬರುತ್ತಿತ್ತು. ವರದಮ್ಮ ತೂಬನ್ನು ಪೂರ್ತಿ ತೆಗೆದಿದ್ದಳು. ಆದರೆ ಬಾಗಿಲಲ್ಲಿ ಬರುವ ನೆಂಟರನ್ನು ಕಿಟಕಿಯಲ್ಲಿ ಕಳಿಸಿದ ಹಾಗೆ, ಬಂದಷ್ಟು ಹೋಗುತ್ತಿರಲಿಲ್ಲ. ಅವಳು ಮಲ್ಲಿಕಾರ್ಜುನಪ್ಪನ ಮನೆಗೆ ಹೋದಳು.

"ಗೌಡ್ರೇ, ಕೋಡಿ ಮೇಲಿನ ಚೀಲ ತೆಗೀಬೇಕು. ನೀರು ಮೇಲಿನ ಸಾಲಿನ ಕುತ್ತಿಗೆಗೆ ಬಂದೈತೆ."

"ಬರ್ಲಿ ಬಿಡು. ಹೋದ ವರ್ಷ ಇದೇ ಹೊತ್ತಿಗೆ ಕೆರೆ ಒಳಗೆ ಹುಡುಗ್ರು ಕ್ರಿಕೆಟ್ ಆಡ್ತಿದ್ರು. ಮರ್ತೆಯೇನು?"

"ಮರ್ತಿಲ್ಲ. ಚೀಲ ಇಟ್ಟಿದ್ದು ಚಳಿಗಾಲದ ನೀರು ಹಿಡಿಯಾಕೆ. ಮಳೆಗಾಲದ ನೀರಿಗೆ ಅಲ್ಲ."

"ಇದು ಮಳೆಗಾಲ ಅಂತ ಯಾರು ಹೇಳಿದ್ರು? ಪಂಚಾಂಗ ನೋಡು. ಇನ್ನೂ ಭರಣಿ."

"ಪಂಚಾಂಗ ನಾನು ನೋಡೀನಿ. ಮಳೆ ನೋಡಿದಂಗೆ ಕಾಣ್ಲಿಲ್ಲ."

ಮಲ್ಲಿಕಾರ್ಜುನಪ್ಪ ನಕ್ಕ. ಆಮೇಲೆ ನಿಜವಾದ ಕಾರಣ ಹೇಳಿದ. ಗುರುವಾರ ಸರ್ಕಾರದ ದೊಡ್ಡವರು ಬಂದು ಕೆರೆಗೆ ಬಾಗಿನ ಕೊಡುತ್ತಾರೆ. ಭರಣಿಯಲ್ಲಿ ಕೋಡಿಮಟ್ಟ ತುಂಬಿದ ಇಷ್ಟು ದೊಡ್ಡ ಕೆರೆ ಸುತ್ತಮುತ್ತ ಇದೊಂದೇ. ಏರಿಯ ದುರಸ್ತಿಗೆ ಅರ್ಜಿ ಕೊಟ್ಟು ನಾಲ್ಕು ವರ್ಷವಾಯಿತು. ಬಾಗಿನ ಕೊಟ್ಟ ಕೈಯಲ್ಲೇ ಅದಕ್ಕೂ ಸಹಿ ಹಾಕಿಸಬಹುದು. "ತುಂಬಿದ ಕೆರೆ ತೋರಿಸ್ಬೇಕಮ್ಮ. ಬಾಗಿನ ಆದ್ಮೇಲೆ ಚೀಲ ತೆಗಿ, ಏನು ಬೇಕಾದ್ರೂ ತೆಗಿ. ಅಲ್ಲದೆ, ಬಾಗಿನ ಕೊಡದೆ ತುಂಬಿದ ಕೆರೆ ನೀರು ಬಿಡೋದು ನಮ್ಮೂರಲ್ಲಿ ಇಲ್ಲ. ಅದು ನಿಂಗೇ ಗೊತ್ತು. ಮೂರು ದಿನ, ಅಷ್ಟೇ."

ರೂಢಿ ಇದ್ದದ್ದು ನಿಜ. ಏರಿಯ ದುರಸ್ತಿಗೆಂದೇ ಏರಿಗೆ ಹೆಚ್ಚು ಭಾರ ಹೊರಿಸುವ ಉಪಾಯ ಇದು ಎಂದು ಊರಿನಲ್ಲಿ ಬೇರೆ ಯಾರಿಗೂ ಹೊಳೆಯಲಿಲ್ಲ. ವರದಮ್ಮನಿಗೆ ಹೊಳೆಯಿತು. ಆದರೂ ಅವಳು ಮೂರು ದಿನ ತಾನೇ ಎಂದುಕೊಂಡು ಎದ್ದುಬಂದಳು. ಅದು ಅವಳ ತಪ್ಪು. ಮುಂದೆ ಅವಳು ಅದನ್ನು ಇನ್ನೊಬ್ಬರ ತಲೆಗೆ ಕಟ್ಟಲಿಲ್ಲ.

ಮಂಗಳವಾರ ಶಾಮಿಯಾನದವರು ಬಂದು ಏರಿಯ ಹೊರಬುಡದಲ್ಲಿ ಕಂಬ ನೆಡಲು ಗುಂಡಿ ತೋಡಿದರು. ಏರಿಗೆ ಹತ್ತಿರ ಆರು, ಅದಕ್ಕೆ ಎದುರಾಗಿ ಇಪ್ಪತ್ತು ಹೆಜ್ಜೆ ಆಚೆ ಆರು. ಮೊಣಕೈ ಆಳ.

"ಅಧ್ಯಕ್ಷರು ಏನಂದ್ರು?" ಸಂಜೆ ಪುಟ್ಟಪ್ಪ ಮತ್ತೆ ಕೇಳಿದ.

"ಬಾಗಿನ ಅಂದ್ರು."

"ಕೆರೆ ಏನಂತು?"

"ಕೆರೆ ಏನೂ ಅನ್ಲಿಲ್ಲ."

"ಅದು ಬಾಯಿ ಬಿಡೋ ತನಕ ಕಾಯ್ತೀಯೇನು?"

ವರದಮ್ಮ ರೊಟ್ಟಿ ತಟ್ಟಿದಳು.

ಬುಧವಾರ ಬೆಳಕು ಹರಿಯುವ ಹೊತ್ತಿಗೆ ಅವಳು ಹಿತ್ತಲ ಬಾಗಿಲು ತೆಗೆದಳು. ಕಪ್ಪೆ ಕೂಗುತ್ತಿತ್ತು. ಕೆರೆಯೊಳಗಿನ ಕಪ್ಪೆಯ ಸದ್ದಿಗೆ ಏರಿ ಅಡ್ಡವಾಗುತ್ತದೆ, ಆದ್ದರಿಂದ ಅದು ಯಾವಾಗಲೂ ಮೇಲಿನಿಂದ ಇಳಿದುಬಂದ ಹಾಗೆ ಕೇಳಿಸುತ್ತದೆ. ಇದು ಹಾಗೆ ಕೇಳಿಸಲಿಲ್ಲ. ನೆಲಮಟ್ಟದಲ್ಲಿ, ನೇರ ಎದುರಿನಿಂದ ಬರುತ್ತಿತ್ತು. ಅವಳು ಚೊಂಬು ಹಿಡಿದು ಬರಿಗಾಲಿನಲ್ಲೇ ಹೋದಳು.

ಏರಿಗೆ ಹತ್ತಿರದ ಆರು ಗುಂಡಿಗಳಲ್ಲಿ ನೀರು ತುಂಬಿತ್ತು. ಒಂದೊಂದರಲ್ಲಿ ಒಂದೋ ಎರಡೋ ಹಳದಿ ಕಪ್ಪೆ. ಅವಳ ನೆರಳು ಬಿದ್ದೊಡನೆ ಮುಳುಗಿದವು, ಮತ್ತೆ ಮೂಗು ತೋರಿಸಿದವು. ಆಚೆಯ ಆರು ಗುಂಡಿ ಬರಿದಾಗಿದ್ದವು, ತಳದಲ್ಲಿ ಒಣ ಹರಳು ಕಾಣುತ್ತಿತ್ತು. ಮಳೆ ನಿಂತು ಎರಡು ದಿನವಾಗಿತ್ತು. ವರದಮ್ಮ ನಡುವಿನ ಗುಂಡಿಯಿಂದ ಕಪ್ಪೆಯನ್ನು ಎತ್ತಿ ಆಚೆ ಬಿಟ್ಟು, ಚೊಂಬಿನಿಂದ ನೀರು ಪೂರ್ತಿ ಮೊಗೆದು ಚೆಲ್ಲಿದಳು. ಕುಕ್ಕರಗಾಲಿನಲ್ಲಿ ಕುಳಿತು ಎಲೆಅಡಿಕೆ ಬಾಯಿಗೆ ಹಾಕಿಕೊಂಡಳು. ಬಾಯಿ ಕೆಂಪಾಗುವ ಮೊದಲೇ ಗುಂಡಿ ಮತ್ತೆ ತುಂಬಿತು. ಆ ನೀರನ್ನು ಚೊಂಬಿನಲ್ಲಿ ತುಂಬಿಕೊಂಡು ಮನೆಗೆ ಬಂದಳು.

ಪುಟ್ಟಪ್ಪ ಕೇಳಿದ್ದು ಒಂದೇ ಮಾತು. "ತಿಳಿಯೋ, ಕೆಂಪೋ?"

ಏರಿಯಿಂದ ತಿಳಿನೀರು ಜಿನುಗಿದರೆ ಏರಿ ಬೆವರುತ್ತಿದೆ ಎನ್ನುತ್ತಾರೆ. ಅದರಿಂದ ಭಯವಿಲ್ಲ. ಕೆಂಪುನೀರು ಬಂದರೆ ನೀರು ಏರಿಯ ಮಣ್ಣನ್ನೇ ಹೊತ್ತು ತರುತ್ತಿದೆ. ಹೋದ ಮಣ್ಣಿನ ಜಾಗದಲ್ಲಿ ಇನ್ನಷ್ಟು ನೀರು ನುಗ್ಗುತ್ತದೆ. ಬೆರಳು ಹಿಡಿಯುವ ತೂತು ಅರ್ಧ ದಿನದಲ್ಲಿ ಆಳು ಹಿಡಿಯುವಂತಾಗುತ್ತದೆ, ಆಮೇಲೆ ಏರಿ ಕುಸಿಯುತ್ತದೆ. ವರದಮ್ಮ ಚೊಂಬನ್ನು ಅವನ ಮುಂದೆ ಇಟ್ಟಳು. ಇಬ್ಬರೂ ನೀರು ತಿಳಿಯಾಗುವುದನ್ನು ನೋಡಿದರು. ತಳದಲ್ಲಿ ಒಂದು ಬೆರಳು ಕೆಮ್ಮಣ್ಣು ಕೂತಿತು.

"ಹೋಗು," ಎಂದ ಪುಟ್ಟಪ್ಪ.

ಮಲ್ಲಿಕಾರ್ಜುನಪ್ಪ ಶಾಮಿಯಾನದವರ ಜೊತೆ ಏರಿಯ ಬುಡಕ್ಕೇ ಬಂದಿದ್ದ. ವರದಮ್ಮ ಅವನ ಎದುರಿಗೆ ಚೊಂಬಿನಿಂದ ಮತ್ತೊಂದು ಗುಂಡಿ ಬತ್ತಿಸಿ, ಅದು ತುಂಬುವುದನ್ನು ತೋರಿಸಿದಳು.

"ಮಳೆನೀರು ಕಣಮ್ಮ."

"ಮಳೆನೀರಾದ್ರೆ ಆ ಸಾಲಿನ ಗುಂಡಿ ಯಾಕೆ ಒಣಗೈತೆ? ಮಳೆ ಏರಿ ಪಕ್ಕಕ್ಕೆ ಮಾತ್ರ ಬಿತ್ತಾ?"

ಅವನು ಫೋನ್ ಮಾಡಿದ. ನೀರಾವರಿ ಇಲಾಖೆಯ ಎಂಜಿನಿಯರ್ ದಾರಿಯಲ್ಲೆಲ್ಲೋ ಮುಳುಗಿದ ಸೇತುವೆಯ ಆಚೆ ಇದ್ದರು. ಮಧ್ಯಾಹ್ನದ ಮೇಲೆ ಬರುತ್ತೇನೆ ಎಂದರು. "ಅವರು ಬಂದು ನೋಡೋ ತನಕ ಯಾರೂ ಏನೂ ಮುಟ್ಟಬಾರ್ದು," ಎಂದ ಮಲ್ಲಿಕಾರ್ಜುನಪ್ಪ.

"ಹಂಗೇ ಏರಿಗೂ ಒಂದು ಫೋನ್ ಮಾಡಿ, ಮಧ್ಯಾಹ್ನದ ತನಕ ನಿಂತಿರು ಅಂತ."

"ಬಾಯಿ ಜೋರಾಯ್ತು ನಿಂದು. ಈಗ ಕೋಡಿ ಬಿಚ್ಚಿದ್ರೆ ನನ್ನ ಶುಂಠಿ ಎಲ್ಲಿಗೆ ಹೋಗತ್ತೆ ಗೊತ್ತಾ? ನಾಳೆ ಬರೋರಿಗೆ ನಾನು ಏನು ತೋರಿಸ್ಲಿ? ಕಪ್ಪೆ ಕೂಗ್ತು ಅಂತ ನೀರು ಬಿಟ್ವಿ ಅಂತ ಹೇಳ್ಲಾ?"

"ಹೇಳಿ. ನಿಜ ಅದೇ ಅಲ್ವಾ?"

"ನೋಡು ವರದಮ್ಮ. ಇವತ್ತು ಚೀಲ ಮುಟ್ಟಿದ್ರೆ ನಾಳೆಯಿಂದ ತೂಬಿನ ಕೋಲು ಬೇರೆಯವರ ಕೈಗೆ."

"ನಾಳೆ ಕೊಡ್ತೀನಿ ಗೌಡ್ರೇ. ಇವತ್ತು ನನ್ನ ಕೈಲೈತೆ."

ಅವಳು ನೇರ ನಿರ್ಮಲಮ್ಮನ ಮನೆಗೆ ಹೋದಳು. ಉದ್ಯೋಗ ಖಾತ್ರಿಯ ಕೆಲಸಕ್ಕೆ ಕೆಳಗಿನ ಕೇರಿಯ ಹೆಂಗಸರನ್ನು ಕರೆದುಕೊಂಡು ಹೋಗಿ ಹಾಜರಿ ಹಿಡಿಯುವವಳು ನಿರ್ಮಲಮ್ಮ. ಅವಳ ಒಂದು ಕೂಗಿಗೆ ಹದಿನಾಲ್ಕು ಹೆಂಗಸರು ಗುದ್ದಲಿ, ಬುಟ್ಟಿ ಹಿಡಿದು ಹೊರಬಂದರು. ಗಂಡಸರಲ್ಲಿ ಕೆಲವರು ಬಂದರು, ಕೆಲವರು ಗೌಡರ ಮುಖ ನೋಡಿಕೊಂಡು ದೂರವೇ ನಿಂತರು.

"ಇವತ್ತಿನ ಹಾಜರಿ ಹಾಕ್ತೀಯೇನೇ, ನಿರ್ಮಲ?" ಎಂದು ಒಬ್ಬಳು ಕೇಳಿದಳು.

"ಸಂಜೆಗೆ ಉಳಿದಿದ್ರೆ ಹಾಕ್ತೀನಿ. ನಡಿ."

ಮಕ್ಕಳು, ಮುದುಕರು, ದನಕರು ಶಾಲೆಯ ದಿಬ್ಬಕ್ಕೆ ಹೋಗಬೇಕೆಂದು ವರದಮ್ಮ ಹೇಳಿದಳು. ಪುಟ್ಟಪ್ಪನನ್ನು ಕುರ್ಚಿಯ ಸಮೇತ ಎತ್ತಿಕೊಂಡು ಹೋದರು. ದಾರಿಯುದ್ದಕ್ಕೂ ಅವನು ಚೀಲ ಯಾವ ಕಡೆಯಿಂದ ತೆಗೆಯಬೇಕು ಎಂದು ಕೂಗಿ ಹೇಳುತ್ತಲೇ ಇದ್ದ.

ಕೋಡಿಯ ಹತ್ತಿರ ಹೋದ ಮೇಲೆ ನಿರ್ಮಲಮ್ಮ ಒಂದು ಕ್ಷಣ ತಡೆದಳು. "ಅಕ್ಕಾ, ಬಾಗಿನ?"

ರೂಢಿಯನ್ನು ಮುರಿಯುವ ಉಮೇದು ವರದಮ್ಮನಿಗೂ ಇರಲಿಲ್ಲ. ಅವಳು ಕೈಯಿಂದ ಎರಡು ಗಾಜಿನ ಬಳೆ ತೆಗೆದು, ಸೊಂಟದ ಚೀಲದಲ್ಲಿದ್ದ ಎಲೆಅಡಿಕೆಯ ಜೊತೆ ಸೇರಿಸಿ ನೀರಿಗೆ ಬಿಟ್ಟಳು. "ಆಯ್ತು. ಹಿಡಿ ಈ ಚೀಲ."

ಕೆಲಸ ಕಾಣುವಷ್ಟು ಸುಲಭವಾಗಿರಲಿಲ್ಲ. ಚೀಲಗಳನ್ನೆಲ್ಲ ಒಟ್ಟಿಗೆ ಕಿತ್ತರೆ ಒಂದೂವರೆ ಅಡಿ ನೀರು ಒಂದೇ ಸಲಕ್ಕೆ ಹಳ್ಳಕ್ಕೆ ಧುಮುಕುತ್ತದೆ. ಹಳ್ಳ ಉಕ್ಕಿ ಕೆಳಗಿನ ಕೇರಿಗೆ ಆ ಬದಿಯಿಂದ ನುಗ್ಗುತ್ತದೆ. ನಿಧಾನ ಮಾಡಿದರೆ ಏರಿ ಕಾಯುವುದಿಲ್ಲ. ವರದಮ್ಮ ಬಂಡೆಯ ಕಡೆಯಿಂದ ಎರಡೆರಡೇ ಚೀಲ ತೆಗೆಸಿದಳು. ಏರಿಯ ಕಡೆಯಿಂದ ಆರಂಭಿಸಿದರೆ ಓಡುವ ನೀರು ಏರಿಯ ಮೈಯನ್ನೇ ಕೊರೆಯುತ್ತದೆ. ಕೆಳಗೆ ಹಳ್ಳದ ಮೋರಿಯ ಮೇಲೆ ಒಬ್ಬಳು ಕೆಂಪು ಸೀರೆ ಹಿಡಿದು ನಿಂತಳು. ನೀರು ಮೋರಿಯ ಹಣೆಗೆ ತಾಗಿದರೆ ಅವಳು ಸೀರೆ ಬೀಸಬೇಕು, ಆಗ ಇಲ್ಲಿ ಕೈ ನಿಲ್ಲಿಸಬೇಕು. ನೆನೆದ ಚೀಲವೊಂದು ಮೂರು ಜನ ಎತ್ತುವ ತೂಕ. ಸೊಂಟಮಟ್ಟದ ನೀರಿನಲ್ಲಿ ನಿಂತು, ಜಾರುವ ಕಲ್ಲಿನ ಮೇಲೆ ಕಾಲೂರಿ, ಇಬ್ಬರು ಎಳೆದು ಒಬ್ಬರು ತಳ್ಳಿ ದಡಕ್ಕೆ ತಂದು ಹಾಕಿದರು. ಒಂಬತ್ತು ಗಂಟೆಗೆ ಎಂಟು ಚೀಲ. ಇನ್ನೂ ನಲವತ್ತಿತ್ತು. ಪಡುವಣದಲ್ಲಿ ಮೋಡ ಕಪ್ಪಾಗುತ್ತಿತ್ತು.

ಏರಿಯ ಬುಡದಲ್ಲಿ ಮಲ್ಲಿಕಾರ್ಜುನಪ್ಪ ಒಬ್ಬನೇ ಉಳಿದಿದ್ದ. ಶಾಮಿಯಾನದವರು ಕಂಬಗಳನ್ನು ಲಾರಿಗೆ ಹಾಕಿಕೊಂಡು ದೂರ ಹೋಗಿ ನಿಂತಿದ್ದರು. ಅವನು ಸ್ವಲ್ಪ ಹೊತ್ತು ಅತ್ತ ಇತ್ತ ನೋಡಿದ. ಆಮೇಲೆ ಪಂಚೆ ಮೇಲೆ ಕಟ್ಟಿ, ಗುಂಡಿಯ ಪಕ್ಕ ಕುಳಿತು, ವರದಮ್ಮ ಬಿಟ್ಟುಹೋಗಿದ್ದ ಚೊಂಬಿನಿಂದ ತಾನೇ ನೀರು ಮೊಗೆದ. ಈಗ ಗುಂಡಿ ತುಂಬಲು ಎಲೆಅಡಿಕೆ ಹಾಕುವಷ್ಟು ಹೊತ್ತೂ ಹಿಡಿಯಲಿಲ್ಲ. ಗುಂಡಿಯ ಏರಿ ಕಡೆಯ ಗೋಡೆಯಲ್ಲಿ ಬೆರಳು ಗಾತ್ರದ ತೂತಿನಿಂದ ಕೆಂಪುನೀರು ಚಿಮ್ಮುತ್ತಿತ್ತು. ಅವನು ಫೋನ್ ತೆಗೆದ. ಈ ಸಲ ಎಂಜಿನಿಯರಿಗೆ ಮಾಡಲಿಲ್ಲ. ಮಗ ಗುರುಪ್ರಕಾಶನಿಗೆ ಟ್ರ್ಯಾಕ್ಟರ್ ತರಲು ಹೇಳಿದ. ಗೌಡರ ಟ್ರ್ಯಾಕ್ಟರ್ ಬಂದದ್ದು ಕಂಡು, ಮುಖ ನೋಡಿಕೊಂಡು ನಿಂತಿದ್ದ ಗಂಡಸರೂ ನೀರಿಗಿಳಿದರು.

ಆ ಹೊತ್ತಿಗೆ ಯಾರೋ ಬುಟ್ಟಿಗಳಲ್ಲಿ ಜೇಡಿಮಣ್ಣು ತಂದು ತೂತಿಗೆ ಮೆತ್ತಲು ಹೊರಟರು. ವರದಮ್ಮ ಕೋಡಿಯಿಂದಲೇ ಕೂಗಿದಳು, ನಂತರ ಓಡಿಬಂದಳು. "ಮುಚ್ಚಬೇಡ್ರೋ. ಹೊರಗಿಂದ ಬಾಯಿ ಮುಚ್ಚಿದ್ರೆ ಒಳಗೆ ಹೊಟ್ಟೆ ಒಡೀತದೆ. ನೀರು ಬರ್ಲಿ, ಮಣ್ಣು ಬರಬಾರ್ದು. ಮರಳು ಹಾಕಿ. ಮೇಲೆ ಜಲ್ಲಿ. ಅದರ ಮೇಲೆ ಕಲ್ಲು."

"ಮರಳು ಎಲ್ಲೈತೆ ಈಗ?" ಎಂದ ಗುರುಪ್ರಕಾಶ್.

"ಕೋಡಿ ಮೇಲೈತಲ್ಲ. ನಾನೇ ಹೊಲಿದಿಟ್ಟೀನಿ."

ಕೋಡಿಯಿಂದ ತೆಗೆದ ಚೀಲಗಳನ್ನು ಟ್ರ್ಯಾಕ್ಟರಿನಲ್ಲಿ ಏರಿಯ ಬುಡಕ್ಕೆ ತಂದರು. ಬಾಯಿ ಕೊಯ್ದು ಮರಳನ್ನು ಗುಂಡಿಗಳ ಸುತ್ತ ಸುರಿದ ಮೇಲೆ, ಮಲ್ಲಿಕಾರ್ಜುನಪ್ಪ ಹೊಸ ಗೋದಾಮಿಗೆಂದು ತರಿಸಿದ್ದ ಜಲ್ಲಿ ಬಂತು. ಹನ್ನೊಂದು ಗಂಟೆಗೆ ಕೆಂಪು ಸೀರೆ ಬೀಸಿತು. ಎಲ್ಲರೂ ಕೈ ನಿಲ್ಲಿಸಿ ನೀರಿನಲ್ಲೇ ನಿಂತರು. ಅರ್ಧ ಗಂಟೆ. ಅಷ್ಟು ಹೊತ್ತು ಸುಮ್ಮನೆ ನಿಲ್ಲುವುದು ಚೀಲ ಎಳೆಯುವುದಕ್ಕಿಂತ ಕಷ್ಟವಾಗಿತ್ತು. ಸೀರೆ ಇಳಿಯಿತು, ಮತ್ತೆ ಎಳೆದರು. ಎರಡು ಗಂಟೆಗೆ ಶುಂಠಿಯ ಮಡಿಗಳ ಮೇಲೆ ನೀರು ಹರಿಯುವುದನ್ನು ಏರಿಯ ಮೇಲಿನಿಂದ ಮಲ್ಲಿಕಾರ್ಜುನಪ್ಪ ನೋಡಿದ. ಹೊಂಡಗಳಲ್ಲಿ ಅಳಿದುಳಿದಿದ್ದ ಗೊದಮೊಟ್ಟೆಗಳೂ ಅದೇ ನೀರಿನಲ್ಲಿ ಹೋದವು.

ಎಂಜಿನಿಯರ್ ಬಂದದ್ದು ನಾಲ್ಕು ಗಂಟೆಗೆ, ಮೊಣಕಾಲವರೆಗೆ ಕೆಸರಾಗಿ. ಮರಳು, ಜಲ್ಲಿ, ಕಲ್ಲಿನ ಗುಡ್ಡೆಯನ್ನು ಸುತ್ತಿ ನೋಡಿ, "ಇದನ್ನ ಯಾರು ಹೇಳಿಕೊಟ್ರು?" ಎಂದರು.

"ಆ ಶಾಲೆಯಲ್ಲಿ ಕುರ್ಚಿ ಮೇಲೆ ಕೂತಾರೆ ನೋಡಿ, ಅವರು," ಎಂದಳು ವರದಮ್ಮ. "ಹೋಗ್ಬೇಡಿ. ಇನ್ನೂ ಹೇಳ್ಕೊಡ್ತಾರೆ."

ಕತ್ತಲಾಗುವ ಮೊದಲು ಕೊನೆಯ ಚೀಲ ಬಂತು. ಕಲ್ಲುಗಳ ಸಂದಿನಿಂದ ನೀರು ಬರುತ್ತಲೇ ಇತ್ತು. ವರದಮ್ಮ ಚೊಂಬಿನಲ್ಲಿ ಹಿಡಿದು ಇಟ್ಟಳು. ಎಲೆಅಡಿಕೆ ಮುಗಿದಿತ್ತು, ಸುಮ್ಮನೆ ಕಾದಳು. ತಳ ಕಾಣುತ್ತಿತ್ತು. ತಿಳಿನೀರು.

ರಾತ್ರಿ ಮತ್ತೆ ಮಳೆ ಬಂತು. ಕೋಡಿ ಬಿತ್ತು, ಹಳ್ಳ ತುಂಬಿ ಹರಿಯಿತು, ಕೆಳಗಿನ ಕೇರಿಯ ಮೂರು ಮನೆಗಳ ಹೊಸಿಲು ದಾಟಿ ನೀರು ಒಳಗೆ ಬಂತು. ಅದರಲ್ಲಿ ಒಂದು ವರದಮ್ಮನದು. ಮಾರನೆಯ ದಿನ ಅವಳು ಅಕ್ಕಿಯನ್ನು ಒಣಹಾಕಿದಳು, ಒದ್ದೆಯಾದ ಸೌದೆಯನ್ನು ಬೈದಳು. ಏರಿ ನಿಂತಿತ್ತು. ಬಾಗಿನಕ್ಕೆ ಬರಬೇಕಾದವರು ಬರಲಿಲ್ಲ, ರಸ್ತೆಯಿಲ್ಲ ಎಂದು ಹೇಳಿಕಳಿಸಿದರು.

ಕೃತ್ತಿಕೆಯಲ್ಲಿ ಬಿಸಿಲು ಬಂದು ಕೆರೆಯ ನೀರು ಮೂರಡಿ ಇಳಿದಾಗ ಏರಿಯ ಒಳಮೈಯಲ್ಲಿ ತೂತಿನ ಬಾಯಿ ಕಂಡಿತು. ಎರಡು ವರ್ಷದ ಹಿಂದೆ, ಏರಿಯ ಮೇಲೆ ಗಾಡಿ ಓಡಾಡಲೆಂದು ಸಮಿತಿಯವರೇ ಕಡಿಸಿದ ಜಾಲಿಮರದ ಬೇರು. ಬೇರು ಕೊಳೆತು ಕೊಳವೆಯಾಗಿತ್ತು. ಮಲ್ಲಿಕಾರ್ಜುನಪ್ಪ ಮಂಡಿಯೂರಿ ಅದರೊಳಗೆ ಕೈ ಹಾಕಿದ. ಭುಜದವರೆಗೆ ಹೋಯಿತು, ತುದಿ ಸಿಗಲಿಲ್ಲ. ಕೈ ತೆಗೆದು ಟವೆಲಿನಿಂದ ಒರೆಸಿಕೊಂಡ.

ಆ ವಾರದ ಸಮಿತಿಯ ಸಭೆಗೆ ವರದಮ್ಮ ತೂಬಿನ ಕೋಲು ತಂದು ಮೇಜಿನ ಮೇಲೆ ಇಟ್ಟಳು. "ನಾಳೆ ಕೊಡ್ತೀನಿ ಅಂದಿದ್ದೆ. ಹತ್ತು ದಿನ ತಡ ಆಯ್ತು, ಅಕ್ಕಿ ಒಣಗಿಸ್ತಿದ್ದೆ."

ಮಲ್ಲಿಕಾರ್ಜುನಪ್ಪ ಕೋಲನ್ನು ನೋಡಿದ, ಸುತ್ತ ಕುಳಿತವರನ್ನು ನೋಡಿದ. "ತಗೊಂಡು ಹೋಗಮ್ಮ. ಇಲ್ಲಿ ಮುಳುಗೋರು ಯಾರವ್ರೆ?"

ಅವಳು ಕೋಲು ಮುಟ್ಟಲಿಲ್ಲ. ಚೀಲ ಇಡುವುದಾದರೆ ಅದನ್ನು ತೆಗೆಯುವ ದಿನವನ್ನು ಪಂಚಾಂಗ ನೋಡಿ ಹೇಳಬಾರದು, ನೀರು ನೋಡಿ ನೀರುಗಂಟಿ ಹೇಳಬೇಕು ಎಂದಳು. ಹಳ್ಳದ ಪಾತ್ರದಲ್ಲಿ ಇನ್ನು ಶುಂಠಿ ಬೇಡ, ಅದರ ಔಷಧಿಯೂ ಬೇಡ. ಶಾಮಿಯಾನಕ್ಕೆ ತೋಡಿದಂಥ ಗುಂಡಿಗಳನ್ನು ಏರಿಯ ಹೊರಬುಡದ ಉದ್ದಕ್ಕೂ ಹೊಸದಾಗಿ ತೋಡಿಸಿ, ಹಾಗೇ ಇರಗೊಡಬೇಕು.

"ಗುಂಡಿ ಯಾಕೆ?"

"ಕಪ್ಪೆಗೆ."

ಒಬ್ಬಿಬ್ಬರು ನಕ್ಕರು. "ಕಪ್ಪೆಗೆ ಮನೆ ಕಟ್ಟಿಸಿದ ಸಮಿತಿ ಅಂತಾರೆ ನಮ್ಮನ್ನ," ಎಂದ ಮಲ್ಲಿಕಾರ್ಜುನಪ್ಪ.

"ಅನ್ಲಿ. ನೀರು ಇಣುಕಿದ್ರೆ ಮೊದ್ಲು ಗೊತ್ತಾಗೋದು ಅದಕ್ಕೆ. ಕೂತು ಹೇಳಾಕೆ ಜಾಗ ಬೇಕಲ್ಲ. ಅದು ಉಳಿದಿದ್ರೆ ತಾನೇ ಹೇಳೋದು."

ಮಲ್ಲಿಕಾರ್ಜುನಪ್ಪ ಪುಸ್ತಕದಲ್ಲಿ ಮೂರನ್ನೂ ಬರೆಸಿದ. ಶುಂಠಿಯ ಮಾತು ಬರೆಯುವಾಗ ಕರಣಿಕನ ಕೈ ತಡೆಯಿತು. "ಬರಿಯಯ್ಯ," ಎಂದ ಮಲ್ಲಿಕಾರ್ಜುನಪ್ಪನೇ. ವರದಮ್ಮ ಆಮೇಲೆ ಕೋಲು ಎತ್ತಿಕೊಂಡಳು.

ರೋಹಿಣಿ ಹುಟ್ಟಿದ ಮೊದಲ ದಿನ ರಾತ್ರಿಯೆಲ್ಲ ಹದವಾಗಿ ಮಳೆ ಬಂತು. ಬೆಳಿಗ್ಗೆ ವರದಮ್ಮ ಹಿತ್ತಲ ಬಾಗಿಲು ತೆಗೆದು ಹೊಸಿಲ ಮೇಲೆ ನಿಂತಳು. ಈಗ ಅವಳು ಮೊದಲು ಕೇಳುವುದು ಏರಿಯ ಹೊರಬದಿಯನ್ನು. ಅಲ್ಲಿ ಸದ್ದಿರಲಿಲ್ಲ. ಏರಿಯ ಆಚೆಯಿಂದ, ಮೇಲಿನಿಂದ ಇಳಿದುಬಂದ ಹಾಗೆ, ಕಪ್ಪೆಗಳು ಕೂಗುತ್ತಿದ್ದವು. ಹೋದ ವರ್ಷಕ್ಕಿಂತ ಕಡಿಮೆ ಇದ್ದವು.

"ಎಲ್ಲಿ?" ಒಳಗಿನಿಂದ ಪುಟ್ಟಪ್ಪ ಕೇಳಿದ.

"ಒಳಗೆ," ಎಂದು ಹೇಳಿ ಅವಳು ಒಲೆಗೆ ಬೆಂಕಿ ಹಾಕಿದಳು.